ಬದುವಿನ ಮೇಲೊಂದು ಕ್ಯಾಮೆರಾ: ಗಂಡು ಚಿಗರಿ ಗುರುತಿಸುವ ಬಗೆ

ನಾನು ಮದುವೆ ಫೋಟೋ ತೆಗೆಯುವವನು. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಒಂದು ಸಣ್ಣ ಸ್ಟುಡಿಯೋ ಇದೆ. ಮುಹೂರ್ತ ಇಲ್ಲದ ತಿಂಗಳಲ್ಲಿ ಅಪ್ಪನ ಆರು ಎಕರೆ ಹೊಲ ನೋಡಿಕೊಳ್ಳುತ್ತೇನೆ. ಅರ್ಧ ಮಸಾರಿ (ಕೆಂಪು ಮಣ್ಣು), ಅರ್ಧ ಎರಿ (ಕಪ್ಪು ಮಣ್ಣು). ಮೇಲಿನ ಬದು ದಾಟಿದರೆ ಕುರುಚಲು ಗುಡ್ಡ. ಅದರಾಚೆ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಸುಮಾರು 96 ಚದರ ಕಿಲೋಮೀಟರ್ ಹರಡಿರುವ ಈ ಕಾಡನ್ನು 2016ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಿದರು.

ನಮ್ಮ ಕಡೆ ಚಿಂಕಾರ (ಜಿಂಕೆಯಂಥ ಸಣ್ಣ ಹುಲ್ಲೆ), ಕೃಷ್ಣಮೃಗ ಎಂಬ ಭೇದ ಇಲ್ಲ. ಎಲ್ಲಾನೂ ಚಿಗರಿ. ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಬಸ್ಸಿಗೂ ಅದೇ ಹೆಸರು. ಹಾಗೇ ಹಿಂಗಾರಿಯಲ್ಲಿ ಕಡಲೆ ತಿಂದದ್ದು ಯಾರೇ ಇರಲಿ, ಹೆಸರು ಬರುವುದು ಚಿಗರಿಗೇ. ಒಂದು ನವೆಂಬರ್‌ನಲ್ಲಿ ನಮ್ಮ ಮೇಲಿನ ತುಂಡಿನ ಕಡಲೆ ಅಲ್ಲಲ್ಲಿ ಬೋಳಾಯಿತು. ಪಕ್ಕದ ಹೊಲದ ಕಾಕಾ ಬಂದು, "ಹಿಂಡ ಇಳದೈತಿ ತಮ್ಮಾ, ನಾಕೈದು ಗಂಡ ಅದಾವು, ನಾನ ನೋಡೀನಿ" ಅಂದರು. ಎಷ್ಟು ಹೊತ್ತಿಗೆ ನೋಡಿದ್ರಿ ಕಾಕಾ ಅಂದರೆ, "ರಾತ್ರಿ" ಅಂದರು. ರಾತ್ರಿ ಬ್ಯಾಟರಿ ಬೆಳಕಲ್ಲಿ ಕೊಂಬು ಎಣಿಸುವ ಕಣ್ಣು ಕಾಕಾನದು. ನನಗೆ ಆ ಕಣ್ಣಿಲ್ಲ. ಆದ್ದರಿಂದ ಒಂದು ಟ್ರೇಲ್ ಕ್ಯಾಮೆರಾ ತರಿಸಿದೆ.

ಅರಣ್ಯ ಇಲಾಖೆಯವರು ಇದನ್ನೇ ಟ್ರ್ಯಾಪ್ ಕ್ಯಾಮೆರಾ ಅನ್ನುತ್ತಾರೆ. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನಕ್ಕೆ ಚಿರತೆ ಹೊಕ್ಕು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಶಿವಮೊಗ್ಗದ ಸಕ್ರೆಬೈಲು ಆನೆ ಬಿಡಾರದಿಂದ ಆನೆ ತರಿಸಿ ಹುಡುಕಿದ್ದು ನೆನಪಿದೆಯಲ್ವಾ? ಆಗ ಮರಮರಕ್ಕೆ ಕಟ್ಟಿದ್ದು ಇದೇ ಡಬ್ಬಿ. ಮುಂದೆ ಏನಾದರೂ ಬಿಸಿಮೈ ಚಲಿಸಿದರೆ ತಾನಾಗಿ ಫೋಟೋ ತೆಗೆಯುತ್ತದೆ. ಅಷ್ಟೇ ಅದರ ವಿದ್ಯೆ. ಉಳಿದ ವಿದ್ಯೆ ನಮ್ಮದು.

ನನ್ನ ಡಬ್ಬಿಯ ಜೊತೆ ಬಂದ ಪುಸ್ತಕ ಪೂರ್ತಿ ಅಮೆರಿಕದ ಬೇಟೆಯವರಿಗೆ ಬರೆದದ್ದು. ಅಲ್ಲಿ ಬಿಳಿಬಾಲದ ಜಿಂಕೆಗೆ ಬೇಟೆಯ ಸೀಸನ್ ಇದೆ, ಪರವಾನಗಿ ಇದೆ. ಸೀಸನ್ ಶುರುವಾಗುವ ಮೊದಲೇ, ಜುಲೈ-ಆಗಸ್ಟ್‌ನಲ್ಲೇ, ಕ್ಯಾಮೆರಾ ಕಟ್ಟಿ ಯಾವ ಗಂಡು ಯಾವ ದಾರಿಯಲ್ಲಿ ಎಷ್ಟೊತ್ತಿಗೆ ಬರುತ್ತದೆ ಎಂದು ನೋಡುತ್ತಾರೆ. ಆಗ ಅದರ ಕೊಂಬಿನ ಮೇಲೆ ಇನ್ನೂ ಮಖಮಲ್ಲಿನಂಥ ತೊಗಲು ಇರುತ್ತದೆ. ನಮ್ಮಲ್ಲಿ ಸೀಸನ್ನೂ ಇಲ್ಲ, ಪರವಾನಗಿಯೂ ಇಲ್ಲ. ಚಿಂಕಾರ, ಕೃಷ್ಣಮೃಗ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಹೊಡೆದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಮುಧೋಳ ನಾಯಿಯ ಸೀಮೆ ಇದು, ಬೇಟೆಯ ಕಥೆ ಮನೆಮನೆಯಲ್ಲೂ ಸಿಗುತ್ತದೆ. ಆ ನಾಯಿಗೆ 2005ರಲ್ಲಿ ಅಂಚೆಚೀಟಿಯೂ ಬಂತು. ಆದರೆ ಕಥೆ ಕಥೆಯಾಗಿಯೇ ಇರಲಿ. ಬೇಟೆಯವರ ಕೌಶಲ ಮಾತ್ರ ಬಳಸೋಣ: ಗಂಡು ಎಷ್ಟು, ಹೆಣ್ಣು ಎಷ್ಟು, ಎಲ್ಲಿಂದ ಇಳಿಯುತ್ತವೆ, ನಿಜವಾಗಿ ಏನು ತಿನ್ನುತ್ತವೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ನಿಮ್ಮ ಹೊಲದಲ್ಲಿ, ನಿಮ್ಮ ಬದುವಿನ ಒಳಗೆ ಇರಲಿ. ಕಾಡಿನೊಳಗೆ ಹೋಗಿ ಕಟ್ಟಬೇಡಿ. ಅದಕ್ಕೆ ಇಲಾಖೆಯ ಅನುಮತಿ ಬೇಕು.

ಈಗ ಕೆಲಸಕ್ಕೆ ಬರೋಣ. ಡಬ್ಬಿ ತೆಗೆಯುವ ಮೊದಲು ನೆಲ ನೋಡಿ. ನಾನು ನೋಡಲಿಲ್ಲ, ಸುಮ್ನೆ ಹದಿನೈದು ದಿನ ಕಳೆದುಕೊಂಡೆ. ಬೆಳಿಗ್ಗೆ ಕಡಲೆಯ ಮೇಲೆ ಇಬ್ಬನಿ ಇರುವಾಗ ಹೋಗಿ. ಕಡಲೆ ಎಲೆಯ ಹುಳಿ ಕಾಲಿಗೆ ಹತ್ತುತ್ತದೆ, ಹಿಮ್ಮಡಿ ಒಡೆದಿದ್ದರೆ ಚುರುಚುರು ಅನ್ನುತ್ತದೆ, ತಡಕೊಳ್ಳಿ. ಬೋಳಾದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಕಡಲೆ ಗಿಡದ ತುದಿ ಕೈಯಲ್ಲಿ ಹಿಡಿದು ನೋಡಿ. ಕತ್ತರಿಯಿಂದ ಓರೆಯಾಗಿ ಕತ್ತರಿಸಿದಂತೆ ನುಣುಪಾಗಿದ್ದರೆ ಅದು ಮೊಲ. ತುದಿ ಹರಿದು ನಾರು ಎದ್ದಿದ್ದರೆ ಚಿಗರಿ, ಆಡು, ದನ ಇವುಗಳಲ್ಲಿ ಒಂದು. ಇವಕ್ಕೆ ಮುಂದೆ ಮೇಲಿನ ಸಾಲಿನ ಹಲ್ಲಿಲ್ಲ, ಕಚ್ಚಿ ಎಳೆಯುತ್ತವೆ, ಹಾಗಾಗಿ ಹರಿಯುತ್ತದೆ. ಗಿಡ ಬುಡಮೇಲಾಗಿ ಮಣ್ಣು ಕೆದರಿದ್ದರೆ ಹಂದಿ. ಅದಕ್ಕೆ ಬೇರೆ ಸಾಕ್ಷಿ ಬೇಡ.

ಆಮೇಲೆ ಹೆಜ್ಜೆ. ಚಿಂಕಾರದ ಗೊರಸು ಸಣ್ಣದು, ಮುಂದೆ ಚೂಪು. ಆಡಿನದು ಹೆಚ್ಚುಕಡಿಮೆ ಅಷ್ಟೇ ಇದ್ದರೂ ತುದಿ ಮೊಂಡು. ಹಂದಿಯ ಹೆಜ್ಜೆಯ ಹಿಂದೆ ಎರಡು ಚುಕ್ಕೆ ಒತ್ತಿರುತ್ತವೆ. ಎರಿ ಮಣ್ಣು ಹಸಿ ಇದ್ದಾಗ ಇದೆಲ್ಲ ಅಚ್ಚು ಹೊಡೆದಂತೆ ಕಾಣುತ್ತದೆ, ಒಣಗಿದರೆ ಬಿರುಕೇ ಬಿರುಕು.

ಗಂಡು ಬೇಕಾದರೆ ಹುಡುಕಬೇಕಾದ್ದು ಹಿಕ್ಕೆ ಗುಡ್ಡೆ. ಚಿಂಕಾರ ಎಲ್ಲೆಂದರಲ್ಲಿ ಹಿಕ್ಕೆ ಹಾಕಿ ಹೋಗುವುದಿಲ್ಲ, ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಗಂಡು ಹೀಗೆ ತನ್ನ ಸೀಮೆಗೆ ಗುರುತು ಹಾಕುತ್ತದೆ. ಹಳೆಯ ಬಿಳಿಚಿದ ಹಿಕ್ಕೆ ಕೆಳಗೆ, ಹೊಸ ಕರಿ ಹಿಕ್ಕೆ ಮೇಲೆ. ನನ್ನ ಬದುವಿನ ಮೂಲೆಯಲ್ಲಿ, ಒಂದು ಬಾರಿಹಣ್ಣಿನ (ಬೋರೆ) ಗಿಡದ ಬಳಿ, ತಾಟಿನಷ್ಟು ಅಗಲದ ಗುಡ್ಡೆ ಇತ್ತು. ಅಪ್ಪ ಅದನ್ನು ಯಾರದೋ ಕುರಿಯದು ಅಂದುಕೊಂಡಿದ್ದರು. ಕುರಿ ನಡೆಯುತ್ತ ಹಾಕುತ್ತದೆ, ದಾರಿಯುದ್ದಕ್ಕೂ ಚೆಲ್ಲಿರುತ್ತದೆ. ಒಂದೇ ಕಡೆ ಹಳೇದು-ಹೊಸದು ಕೂಡಿದ್ದರೆ ಕ್ಯಾಮೆರಾ ಅಲ್ಲೇ ಇಡಿ.

ನೀರಿನ ಹತ್ತಿರ ಇಡಬೇಕು ಎಂದು ಅಮೆರಿಕದ ವಿಡಿಯೋಗಳಲ್ಲಿ ಹೇಳುತ್ತಾರೆ. ನಾನೂ ನಮ್ಮ ಕೃಷಿ ಹೊಂಡದ ದಂಡೆಗೆ ಹತ್ತು ದಿನ ಇಟ್ಟೆ. ನವಿಲು ಬಂತು, ಮುಂಗುಸಿ ಬಂತು, ಹಂದಿ ಮರಿಗಳ ಸಮೇತ ಬಂತು. ಚಿಂಕಾರ ಒಂದೂ ಬರಲಿಲ್ಲ. ಅದು ಎಲೆಯ ರಸದಲ್ಲಿ, ಇಬ್ಬನಿಯಲ್ಲಿ ನೀರು ಹೊಂದಿಸಿಕೊಳ್ಳುವ ಪ್ರಾಣಿ, ದಿನಗಟ್ಟಲೆ ಹೊಂಡದ ಕಡೆ ತಲೆ ಹಾಕುವುದಿಲ್ಲ. ಉಪ್ಪು, ಮೆಕ್ಕೆಜೋಳ ಚೆಲ್ಲಿ ಕರೆಯುವುದೂ ಅಲ್ಲಿನ ಇನ್ನೊಂದು ರೂಢಿ. ಕಡಲೆ ಬಿತ್ತಿದ ಹೊಲಕ್ಕೆ ನಾವೇ ಕರೆದು ಊಟಕ್ಕೆ ಬಡಿಸಿದರೆ ಆಯಿತು ಬಿಡಿ.

ಇಡುವ ಎತ್ತರದಲ್ಲಿ ನಾನು ಫೋಟೋಗ್ರಾಫರನ ಜಂಬ ತೋರಿಸಿದೆ. ಮದುಮಗಳ ಫೋಟೋಗೆ ಸ್ಟ್ಯಾಂಡ್ ಇಟ್ಟಂತೆ ಎದೆಮಟ್ಟಕ್ಕೆ ಕಟ್ಟಿದೆ. ಬಂದದ್ದೆಲ್ಲ ಬೆನ್ನು. ಚಿಂಕಾರದ ಹೆಗಲ ಎತ್ತರ ಸುಮಾರು 65 ಸೆಂಟಿಮೀಟರ್, ಅಂದರೆ ನಮ್ಮ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಪುಸ್ತಕದಲ್ಲಿ ಮೂರು ಅಡಿ ಎಂದಿರುವುದು ಅಲ್ಲಿನ ದೊಡ್ಡ ಜಿಂಕೆಗೆ. ನಮಗೆ ಎರಡು ಅಡಿ ಸಾಕು. ದೂರ ಹನ್ನೆರಡರಿಂದ ಹದಿನೈದು ಅಡಿ. ನಮ್ಮ ಬದುವಿನಲ್ಲಿ ನೆಟ್ಟಗಿನ ಮರ ಎಲ್ಲಿದೆ? ಜಾಲಿ, ಬಾರಿ, ಅಷ್ಟೇ. ಆದ್ದರಿಂದ ಒಂದು ಕಬ್ಬಿಣದ ಆಂಗಲ್ ಹೂತು, ಅದಕ್ಕೆ ಕ್ಯಾಮೆರಾ ಬಿಗಿದು, ಸುತ್ತ ಜಾಲಿ ಮುಳ್ಳು ಒಟ್ಟಿದೆ. ಮುಳ್ಳು ಹಾಕದಿದ್ದರೆ ಯಾವುದೋ ಎಮ್ಮೆ ಬಂದು ಮೈ ತಿಕ್ಕಿ ಮುಖ ಆಕಾಶಕ್ಕೆ ತಿರುಗಿಸಿ ಹೋಗುತ್ತದೆ. ಆಮೇಲೆ ಮೂರು ದಿನ ಮೋಡದ ಫೋಟೋ.

ಮುಖ ಉತ್ತರಕ್ಕೆ ಇರಲಿ. ಹಿಂಗಾರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬೆಳಕು ಕ್ಯಾಮೆರಾದ ಬೆನ್ನ ಹಿಂದಿನಿಂದ ಬೀಳುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ಇಟ್ಟರೆ ಚಿಗರಿ ಓಡಾಡುವ ಹೊತ್ತಿಗೇ ಬಿಸಿಲು ಲೆನ್ಸಿಗೆ ಹೊಡೆಯುತ್ತದೆ. ದಾರಿಗೆ ಅಡ್ಡಲಾಗಿ ಇಡಬೇಡಿ, ಓರೆಯಾಗಿ ಇಡಿ. ಅಡ್ಡ ಇಟ್ಟರೆ ಕ್ಯಾಮೆರಾ ಎಚ್ಚರಾಗುವಷ್ಟರಲ್ಲಿ ಬಾಲ ಮಾತ್ರ ಉಳಿದಿರುತ್ತದೆ. ನೇರ ಎದುರಿಗೆ ಇಟ್ಟರೆ ಸೆನ್ಸರಿಗೆ ಚಲನೆ ತಡವಾಗಿ ತಿಳಿಯುತ್ತದೆ. ಓರೆ ಇದ್ದರೆ ಎರಡೂ ಸರಿಹೋಗುತ್ತವೆ, ಕೊಂಬೂ ಪಕ್ಕದಿಂದ ಚೆನ್ನಾಗಿ ಕಾಣುತ್ತದೆ.

ಇಟ್ಟ ಮೇಲೆ ಎದುರಿನ ಹುಲ್ಲು ಕುಡುಗೋಲಿನಿಂದ ಕೊಯ್ದುಬಿಡಿ. ನನ್ನ ಮೊದಲ ಕಾರ್ಡಿನಲ್ಲಿ 2,140 ಫೋಟೋ ಇದ್ದವು. ಸ್ಟುಡಿಯೋದಲ್ಲಿ ಕೂತು, ಚಹಾ ತರಿಸಿಕೊಂಡು, ಒಂದೊಂದೇ ತಿರುವಿದೆ. ಎರಡು ಸಾವಿರದಷ್ಟು ಒಂದೇ ಕರಡದ ತೆನೆ. ಗಾಳಿಗೆ ಎಡಕ್ಕೆ ಬಾಗಿದ್ದು, ಬಲಕ್ಕೆ ಬಾಗಿದ್ದು. ಮದುವೆ ಆಲ್ಬಮ್ಮಿನಲ್ಲಿ ಒಬ್ಬರೇ ಮಾವನವರು ಎಲ್ಲ ಫೋಟೋದಲ್ಲೂ ನಿಂತಂತೆ.

ಬೇಸಿಗೆಯಲ್ಲಿ ಇದರ ಆಟ ಬೇರೆ. ಸೆನ್ಸರ್ ಹಿಡಿಯುವುದು ಪ್ರಾಣಿಯ ಮೈಬಿಸಿಗೂ ಹಿಂದಿನ ನೆಲದ ಬಿಸಿಗೂ ಇರುವ ವ್ಯತ್ಯಾಸ. ನಮ್ಮ ಏಪ್ರಿಲ್ ಮಧ್ಯಾಹ್ನ ನೆಲವೇ ಮೈಯಷ್ಟು ಕಾದಿರುತ್ತದೆ. ಚಿಗರಿ ಮುಂದೆ ನಿಂತು ಮೆಲುಕು ಹಾಕಿದರೂ ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಬೇಸಿಗೆಯ ಕಾರ್ಡು ಖಾಲಿ ಇದ್ದರೆ ಪ್ರಾಣಿ ಇಲ್ಲ ಎಂದು ತೀರ್ಮಾನ ಮಾಡಬೇಡಿ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ.

ಸೆಟ್ಟಿಂಗ್ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಸಲಕ್ಕೆ ಮೂರು ಫೋಟೋ, ನಡುವೆ ಒಂದು ನಿಮಿಷ ಬಿಡುವು. ವಿಡಿಯೋ ಬೇಡ, ಬ್ಯಾಟರಿ ಕುಡಿಯುತ್ತದೆ. ರಾತ್ರಿ ಫೋಟೋಕ್ಕೆ ಡಬ್ಬಿ ಬಿಡುವ ಇನ್‌ಫ್ರಾರೆಡ್ ಬೆಳಕು ಎರಡು ಥರ: 850 ನ್ಯಾನೋಮೀಟರಿನದು ದೂರ ಹೋಗುತ್ತದೆ, ಆದರೆ ಕೆಂಡದ ಚುಕ್ಕೆಯಂತೆ ಸ್ವಲ್ಪ ಕಾಣುತ್ತದೆ. 940ರದು ಕಣ್ಣಿಗೆ ಕಾಣುವುದಿಲ್ಲ, ದೂರ ಕಡಿಮೆ. ನಾನು ಎರಡನೆಯದು ತೆಗೆದುಕೊಂಡೆ. ಚಿಗರಿಗೆ ಹೆದರಿ ಅಲ್ಲ, ಕಳ್ಳರಿಗೆ. ಬ್ಯಾಟರಿಗೆ ನನ್ನ ಫ್ಲ್ಯಾಶಿನ ರೀಚಾರ್ಜ್ ಸೆಲ್ ಹಾಕಿ ಉಳಿತಾಯ ಮಾಡಲು ಹೋದೆ. ಅವು 1.2 ವೋಲ್ಟ್, ಡಬ್ಬಿ ಕೇಳುವುದು 1.5. ಹಗಲು ಏನೋ ನಡೆಯಿತು, ರಾತ್ರಿ ಫೋಟೋ ಎಲ್ಲ ಮಸಿ. ಲಿಥಿಯಂ ಸೆಲ್ ದುಬಾರಿ, ಆದರೆ ಇಡೀ ಹಿಂಗಾರಿ ನಡೆದವು.

ತಾರೀಖು ಮಾತ್ರ ನಿಧಾನವಾಗಿ ಕೂತು ಹಾಕಿ. ಇದರಲ್ಲಿ ಒಂದು ಪೇಚು ಆಗಿದೆ. ಕಾಕಾನ ಶೇಂಗಾ ಹೊಲವನ್ನು ಹಂದಿ ಅಡಿಮೇಲು ಮಾಡಿದ್ದಕ್ಕೆ ಪರಿಹಾರದ ಅರ್ಜಿ ಕೊಟ್ಟೆವು, ಜೊತೆಗೆ ನನ್ನ ಕ್ಯಾಮೆರಾದ ಫೋಟೋ. ಕ್ಯಾಮೆರಾ ಅಮೆರಿಕದ ರೂಢಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರೆದಿತ್ತು. ಅಕ್ಟೋಬರ್ 3 ಅನ್ನುವುದು 10/03 ಆಗಿ, ಕಚೇರಿಯವರು ಮಾರ್ಚ್ 10 ಎಂದು ಓದಿದರು. "ಮಾರ್ಚ್‌ನ್ಯಾಗ ನಿಮ್ಮ ಹೊಲದಾಗ ಎಲ್ಲಿ ಮುಂಗಾರಿ ಶೇಂಗಾರಿ?" ಅಂತ ಕೇಳಿದರು. ಕೇಳಿದ್ದು ತಪ್ಪಲ್ಲ. ಆದರೆ ಅರ್ಜಿ ತಿದ್ದಿಸಲು ಮತ್ತೆ ಮೂರು ಸಲ ಅಲೆದೆವು, ಕಾಕಾ ಪ್ರತಿ ಸಲ ಬಸ್ಸಿನಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದರು. ಈಗ ದಿನ-ತಿಂಗಳು-ವರ್ಷ ಎಂದು ಬದಲಿಸಿದ್ದೇನೆ. ಬ್ಯಾಟರಿ ತೆಗೆದಾಗ ತಾರೀಖು ಹಾರಿಹೋಗುವ ಕ್ಯಾಮೆರಾಗಳೂ ಇವೆ. ಅದಕ್ಕೆ ಪ್ರತಿ ಸಲ ಮೊದಲ ಫೋಟೋಕ್ಕೆ ನಾನೇ ಒಂದು ರಟ್ಟು ಹಿಡಿದು ನಿಲ್ಲುತ್ತೇನೆ: ತಾರೀಖು, ಹೊತ್ತು, ಸರ್ವೆ ನಂಬರ್, ದಪ್ಪ ಅಕ್ಷರದಲ್ಲಿ.

ಕಾರ್ಡು ನೋಡಲು ದಿನಾ ಓಡಬೇಡಿ. ಹತ್ತು ದಿನಕ್ಕೊಮ್ಮೆ ಸಾಕು, ಮಟಮಟ ಮಧ್ಯಾಹ್ನ ಹೋಗಿ. ಎರಡು ಕಾರ್ಡು ಇಟ್ಟುಕೊಂಡು ಒಂದು ತೆಗೆದು ಇನ್ನೊಂದು ಹಾಕಿ ಬನ್ನಿ, ಅಲ್ಲೇ ನಿಂತು ಮೊಬೈಲಿನಲ್ಲಿ ನೋಡುವ ಚಪಲ ಬೇಡ. ಎಡೆ ಹೊಡೆಯುವ ದಿನವೋ ಔಷಧ ಹೊಡೆಯುವ ದಿನವೋ ಆದರೆ ಇನ್ನೂ ಒಳ್ಳೆಯದು. ಆ ಸದ್ದು, ಆ ವಾಸನೆ ಅವಕ್ಕೆ ರೂಢಿ. ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿದೆಯಾ ನೋಡಿ, ಸೆನ್ಸರಿನ ಮೇಲಿನ ಜೇಡರ ಬಲೆ ಒರೆಸಿ.

ಈಗ ಗಂಡು-ಹೆಣ್ಣಿನ ಲೆಕ್ಕ. ಇಲ್ಲೇ ಎಲ್ಲರೂ ಜಾರುವುದು. ಮೊದಲ ಒಳ್ಳೆಯ ಕಾರ್ಡಿನಲ್ಲಿ ಕೊಂಬಿನ ತಲೆ ಏಳು ಸಿಕ್ಕವು. ಏಳು ಗಂಡು ಎಂದು ಕಾಕಾನಿಗೆ ಹೇಳಿಯೂ ಬಿಟ್ಟೆ. "ನಾ ಹೇಳಿರಲಿಲ್ಲೇನು?" ಎಂದು ಅವರು ಊರೆಲ್ಲ ಸುತ್ತಿದರು. ಆಮೇಲೆ ದೊಡ್ಡ ಪರದೆಯಲ್ಲಿ ನೋಡಿದಾಗ ಗೊತ್ತಾಯಿತು. ಕೃಷ್ಣಮೃಗದಲ್ಲಾದರೆ ಸಾಮಾನ್ಯವಾಗಿ ಕೊಂಬಿದ್ದರೆ ಗಂಡು, ಅದೂ ತಿರುಚಿದ ಕೊಂಬು. ಚಿಂಕಾರದಲ್ಲಿ ಹೆಣ್ಣಿಗೂ ಕೊಂಬಿದೆ. ಗಂಡಿನದು ದಪ್ಪ, ಬುಡದಿಂದ ಉಂಗುರ ಉಂಗುರ, ಹಿಂದಕ್ಕೆ ಬಾಗಿ ತುದಿಯಲ್ಲಿ ಮತ್ತೆ ಸ್ವಲ್ಪ ಮುಂದಕ್ಕೆ. ಹೆಣ್ಣಿನದು ಪೆನ್ಸಿಲ್ಲಿನಷ್ಟು ಸಪೂರ, ಹೆಚ್ಚುಕಡಿಮೆ ನೆಟ್ಟಗೆ, ಉದ್ದ ಸುಮಾರು ಅರ್ಧ, ಉಂಗುರ ಇಲ್ಲವೆನ್ನುವಷ್ಟು ಕಡಿಮೆ. ಎಳೆಯ ಗಂಡನ್ನು ಹೆಣ್ಣು ಅಂದುಕೊಳ್ಳುವುದೂ ಸುಲಭ. ಅನುಮಾನ ಬಂದರೆ ಕೊಂಬಿನ ಬುಡ ನೋಡಿ. ಎಳೆ ಗಂಡಿನ ಕೊಂಬು ಗಿಡ್ಡ ಇದ್ದರೂ ಬುಡ ದಪ್ಪ ಇರುತ್ತದೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಏಳು ಫೋಟೋ ಅಂದರೆ ಏಳು ಪ್ರಾಣಿ ಅಲ್ಲ. ಒಂದೇ ಗಂಡು ರಾತ್ರಿ ಒಂಬತ್ತಕ್ಕೆ ಇಳಿದು, ಹಿಕ್ಕೆ ಗುಡ್ಡೆಗೆ ಬಂದು, ನಾಲ್ಕಕ್ಕೆ ಮರಳಿ ಹತ್ತಿದರೆ ಅದೇ ಮೂರು ಸಲ ಆಯಿತು. ಗುರುತು ಹಿಡಿಯಬೇಕು. ನಾನು ಒಂದು ಹಳೇ ಆಲ್ಬಮ್ಮಿನಲ್ಲಿ ಪ್ರತಿ ಪ್ರಾಣಿಗೆ ಒಂದು ಪುಟ ಮಾಡಿದೆ, ಎಡಮೈ ಒಂದು ಫೋಟೋ, ಬಲಮೈ ಒಂದು ಫೋಟೋ. ಒಂದರ ಬಲಗೊಂಬಿನ ತುದಿ ಮುರಿದಿದೆ. ಇನ್ನೊಂದರ ಎಡಗಿವಿ ಬೇಲಿ ತಂತಿಗೆ ಸಿಕ್ಕಂತೆ ಸೀಳಿದೆ. ಅಮೆರಿಕದವರಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ಅಲ್ಲಿನ ಜಿಂಕೆಯ ಕವಲುಕೊಂಬು ವರ್ಷವರ್ಷ ಉದುರಿ ಹೊಸದು ಬರುತ್ತದೆ, ಆಕಾರವೂ ಬದಲಾಗುತ್ತದೆ. ನಮ್ಮ ಖಾನಾಪುರ ಕಡೆಯ ಕಡವೆ, ಜಿಂಕೆಗಳದೂ ಹಾಗೇ. ಚಿಂಕಾರ, ಕೃಷ್ಣಮೃಗಗಳದು ಉದುರದ ಕೊಂಬು. ಮುರಿದ ತುದಿ ಮುರಿದೇ ಇರುತ್ತದೆ. ಈ ವರ್ಷ ಹಾಕಿದ ಗುರುತು ಮುಂದಿನ ವರ್ಷಕ್ಕೂ ನಡೆಯುತ್ತದೆ.

ಕೊನೆಗೆ ಲೆಕ್ಕ ಹೀಗೆ ನಿಂತಿತು: ಗಂಡು ಎರಡು, ಹೆಣ್ಣು ಮೂರು, ಎರಡೂ ಗಂಡು ಎಂದೂ ಒಂದೇ ರಾತ್ರಿ ಬಂದಿಲ್ಲ. ಕಡಲೆ ತಿಂದವೇ? ತಿಂದವು, ಸುಳ್ಳು ಹೇಳಬಾರದು. ಆದರೆ ಅಲ್ಲೊಂದು ಇಲ್ಲೊಂದು ಚಿಗುರು ಕಚ್ಚುತ್ತ, ನಡೆಯುತ್ತ. ಬೋಳು ಮಾಡಿದ್ದು ಬೇರೆಯವರು. ಮೂರು ಬಿಡಾಡಿ ಹೋರಿ, ರಾತ್ರಿ ಒಂದೂವರೆಯಿಂದ ಮೂರರ ತನಕ, ಒಂದೇ ಜಾಗದಲ್ಲಿ ನಿಂತು. ಅವುಗಳಲ್ಲಿ ಒಂದರ ಕೊರಳಲ್ಲಿ ಹಗ್ಗ ಇನ್ನೂ ಇತ್ತು. ಹಗ್ಗ ಯಾರ ಮನೆಯದು ಎಂದು ಇಲ್ಲಿ ಬರೆಯುವುದಿಲ್ಲ. ಕಾಕಾನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇದರ ಮಾರಿ ಸರಿಯಾಗಿ ಬಂದಿಲ್ಲ ಬಿಡು" ಅಂದರು.

ಇನ್ನು ಎರಡು ಎಚ್ಚರಿಕೆ. ಕ್ಯಾಮೆರಾದ ಮುಖ ಜನ ಓಡಾಡುವ ದಾರಿಗೆ ಇರಬಾರದು. ಹೆಣ್ಣುಮಕ್ಕಳು ಹುಲ್ಲಿಗೆ ಬರುತ್ತಾರೆ, ಕತ್ತಲಲ್ಲಿ ಬಯಲಿಗೆ ಹೋಗುವವರಿದ್ದಾರೆ. ಹಾಗೇನಾದರೂ ಫೋಟೋ ಬಂದರೆ ನೋಡದೆ ಅಳಿಸಿ, ಕ್ಯಾಮೆರಾ ತಿರುಗಿಸಿ. ಅಕ್ಕಪಕ್ಕದ ಹೊಲದವರಿಗೆ ಮೊದಲೇ ಹೇಳಿಬಿಟ್ಟರೆ ಜಗಳವೇ ಇಲ್ಲ.

ಇನ್ನೊಂದು ನಾನೇ ಮಾಡಿದ ದಡ್ಡತನ. ಮುರಿಗೊಂಬಿನ ಗಂಡಿನ ಒಂದು ಫೋಟೋ ಅಪರೂಪಕ್ಕೆ ಹಗಲಲ್ಲಿ, ಸಂಜೆ ಬಿಸಿಲಲ್ಲಿ ಬಂದಿತ್ತು. ಖುಷಿಗೆ ವಾಟ್ಸಾಪ್ ಸ್ಟೇಟಸ್ ಹಾಕಿದೆ. ಮರುದಿನ ಇಬ್ಬರು ಹುಡುಗರು ಬೈಕಿನಲ್ಲಿ ಸ್ಟುಡಿಯೋಕ್ಕೆ ಬಂದರು. ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಳ್ಳುವ ನೆಪ. "ಅಣ್ಣಾರ, ಆ ಚಿಗರಿ ಯಾವ ಕಡೆ ಸಿಗತಾವರಿ?" ಎಂದು ಒಬ್ಬ ಕೇಳಿದ. ಅವನ ಬೈಕಿನ ಹ್ಯಾಂಡಲ್ಲಿಗೆ ದೊಡ್ಡ ಟಾರ್ಚು ಕಟ್ಟಿತ್ತು. "ಅದು ಗೂಗಲ್ ಫೋಟೋ ಮಾರಾಯ" ಅಂದೆ. ಸ್ಟೇಟಸ್ ತೆಗೆದುಹಾಕಿದೆ, ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ವಿಷಯ ತಿಳಿಸಿದೆ. ಅಂದಿನಿಂದ ಫೋಟೋ ಆಲ್ಬಮ್ಮಿನಲ್ಲೇ ಇವೆ. ಬಂದವರಿಗೆ ಕೈಯಲ್ಲಿ ಕೊಟ್ಟು ತೋರಿಸುತ್ತೇನೆ, ಹೊಲ ಯಾವುದು ಎಂದು ಹೇಳುವುದಿಲ್ಲ.

ಕಡಲೆ ಕಿತ್ತ ಮೇಲೆ ಕುರಿ ಹಿಂಡು ಹೊಲಕ್ಕೆ ಇಳಿಯುತ್ತವೆ. ಅದರೊಳಗೆ ಕ್ಯಾಮೆರಾ ಬಿಚ್ಚಿಬಿಡಿ, ಇಲ್ಲದಿದ್ದರೆ ಒಂದೇ ದಿನಕ್ಕೆ ಕಾರ್ಡು ತುಂಬಾ ಕುರಿ. ಸೆಲ್ ಹೊರಗೆ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತವೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಣ್ಣ ಸಿಲಿಕಾ ಚೀಟಿ ಎರಡು ಒಳಗೆ ಹಾಕಿ ಮುಚ್ಚಿ. ಆಂಗಲ್ ಮಾತ್ರ ಕೀಳಬೇಡಿ, ಅಲ್ಲೇ ಇರಲಿ. ನಮ್ಮದನ್ನು ಕಿತ್ತಿಲ್ಲ. ಕಳೆದ ವಾರ ಹೋದಾಗ ಅದರ ಬುಡದಲ್ಲೇ ಹೊಸ ಹಿಕ್ಕೆ ಬಿದ್ದಿತ್ತು.